ಮೀನು ಹೆಚ್ಚಿದರೆ ವೈವಿಧ್ಯ ಹೆಚ್ಚಿದಂತಲ್ಲ

ಮಾನ್ಯ ಸಂಪಾದಕರೇ,

ಕೆರೆ ತುಂಬಿದ ಕೂಡಲೇ ಮೀನುಮರಿ ಬಿಡುವ ಕಾರ್ಯಕ್ರಮಗಳ ವರದಿಗಳಲ್ಲಿ ‘ಜೀವವೈವಿಧ್ಯ ವೃದ್ಧಿ’ ಎಂಬ ಮಾತು ಆಗಾಗ ಕಾಣುತ್ತದೆ. ಬಿಡುವುದು ಬಹುತೇಕ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಮೊದಲ ಮೂರು ಗಂಗೆಯ ಕಡೆಯವು, ಕೊನೆಯದು ಹೊರದೇಶದ್ದು. ಇಳುವರಿಗೆ ಇವು ಬೇಕು, ತಕರಾರಿಲ್ಲ. ಆದರೆ ಅದು ಮೀನು ಸಾಕಣೆ, ವೈವಿಧ್ಯ ರಕ್ಷಣೆಯಲ್ಲ.

ವೈವಿಧ್ಯಕ್ಕೆ ಎರಡು ಲೆಕ್ಕ ಬೇಕು: ಜಾತಿಗಳೆಷ್ಟು, ಒಂದೊಂದರ ಪಾಲೆಷ್ಟು. ಎರಡು ಕೆರೆಗಳಲ್ಲೂ ಹತ್ತು ಜಾತಿಯ ನೂರು ಮೀನು ಬಲೆಗೆ ಬಿದ್ದವು ಎನ್ನಿ. ಒಂದರಲ್ಲಿ ಜಾತಿಗೆ ಹತ್ತರಂತೆ. ಇನ್ನೊಂದರಲ್ಲಿ 91 ಜಿಲೇಬಿ, ಅಂದರೆ ತಿಲಾಪಿಯಾ, ಮಿಕ್ಕ ಒಂಬತ್ತು ಜಾತಿಯವು ಒಂದೊಂದೇ. ಪಟ್ಟಿ ನೋಡಿದರೆ ಎರಡೂ ಸಮ. ಈ ಎರಡೂ ಲೆಕ್ಕ ಸೇರಿಸಿ ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕ (ಹೆಚ್ಚಿದ್ದಷ್ಟೂ ವೈವಿಧ್ಯ ಹೆಚ್ಚು) ಮಾತ್ರ ಮೊದಲನೆಯದಕ್ಕೆ 2.30, ಎರಡನೆಯದಕ್ಕೆ 0.50. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ ಕೆಲವೇ ತಿಂಗಳಲ್ಲಿ ಮೊಟ್ಟೆಗೆ ಬರುತ್ತದೆ, ಮೊಟ್ಟೆ–ಮರಿಗಳನ್ನು ತಾಯಿ ಬಾಯಲ್ಲೇ ಕಾಯುತ್ತದೆ. ಮಳೆಗಾಲದ ಹೊಸನೀರಿಗಾಗಿ ಕಾಯುವ ನಾಟಿ ಮೀನು ಅದರೊಂದಿಗೆ ಪೈಪೋಟಿ ನಡೆಸುವುದು ಕಷ್ಟ.

ಒಂದೇ ಕುಲದೊಳಗೂ ಲೆಕ್ಕ ತಪ್ಪುತ್ತದೆ. ಮಶೀರ್ ಎಂಬ ದೊಡ್ಡ ಹೊಳೆಮೀನನ್ನೇ ನೋಡಿ: ಕಾವೇರಿಗೆ ಹೊರಗಿನ ನೀಲಿ ರೆಕ್ಕೆಯ ಮಶೀರ್ ಮರಿಗಳನ್ನು ಬಿಡಲಾಯಿತು. ಮಶೀರ್ ಸಂಖ್ಯೆಯೇನೋ ಚೆನ್ನಾಗಿಯೇ ಕಂಡಿತು; ಆದರೆ ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಶೀರ್ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ‘ತೀವ್ರ ಅಳಿವಿನಂಚಿನ’ ಪಟ್ಟಿ ಸೇರಿತು.

ಸಮೀಕ್ಷೆ ಹೆಚ್ಚಾಗಿ ಕೆಡುವುದು ಬಲೆಯಲ್ಲಿ. ದೊಡ್ಡ ಕಣ್ಣಿನ ಬಲೆಯೊಂದನ್ನೇ ಬಿಟ್ಟರೆ ಬೆರಳುದ್ದದ ಪಕ್ಕೆ ಮೀನು ತಪ್ಪಿಸಿಕೊಳ್ಳುತ್ತದೆ. ಹಗಲಷ್ಟೇ ಹಿಡಿದರೆ ಇರುಳಾಡುವ ಮೀಸೆ ಮೀನುಗಳು ಲೆಕ್ಕಕ್ಕೇ ಬರುವುದಿಲ್ಲ. ಎರಡು–ಮೂರು ಅಳತೆಯ ಕಣ್ಣಿನ ಬಲೆಗಳನ್ನು ಸಂಜೆ ಕಟ್ಟಿ ಬೆಳಿಗ್ಗೆ ಎತ್ತಬೇಕು. ದಡದ ಜೊಂಡಿನ ಬಳಿ ಸಣ್ಣ ಕಣ್ಣಿನ ಬೀಸುಬಲೆಯನ್ನು ಪ್ರತಿ ಜಾಗದಲ್ಲೂ, ಪ್ರತಿ ಸಮೀಕ್ಷೆಯಲ್ಲೂ ಒಂದೇ ಲೆಕ್ಕದಷ್ಟು ಸಲ ಬೀಸಬೇಕು. ಇಲ್ಲದಿದ್ದರೆ ಈ ವರ್ಷದ ಅಂಕಿಯನ್ನು ಮುಂದಿನ ವರ್ಷದ್ದಕ್ಕೆ ಹೋಲಿಸುವಂತಿಲ್ಲ. ತೂಕದ ಜೊತೆ ತಲೆ ಎಣಿಕೆಯೂ ಬೇಕು: ಎರಡು ಕೆ.ಜಿ.ಯ ಒಂದು ಕಾಟ್ಲಾ ತಕ್ಕಡಿಯಲ್ಲಿ ನೂರಾರು ಪಕ್ಕೆಗಳನ್ನು ಮರೆಮಾಡುತ್ತದೆ.

ಕೆರೆ ಗುತ್ತಿಗೆಯ ಷರತ್ತಿನಲ್ಲೇ ಇಂಥ ಸಮೀಕ್ಷೆ ಸೇರಲಿ: ಮರಿ ಬಿಡುವ ಮುನ್ನ ಒಮ್ಮೆ, ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನೊಮ್ಮೆ. ಸಣ್ಣ ಮೀನನ್ನೆಲ್ಲ ‘ಇತರೆ’ ಎಂಬ ಒಂದೇ ಕಾಲಂಗೆ ತುಂಬದೆ, ಗುರುತು ಸಿಗದ ಪ್ರತಿ ಬಗೆಯ ಒಂದೊಂದು ಮೀನಿನ ಎಡಮಗ್ಗುಲನ್ನು ಅಳತೆಪಟ್ಟಿಯ ಸಮೇತ ಫೋಟೊ ತೆಗೆದಿಡಬೇಕು. ದೇಶದಲ್ಲಿ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಬಲೆಗೆ ಬಿದ್ದರೆ ಮತ್ತೆ ನೀರಿಗೆ ಬಿಡದೆ ಮೀನುಗಾರಿಕೆ ಇಲಾಖೆಗೆ ತಿಳಿಸಲಿ.

– ಮೀನು ಸಮೀಕ್ಷೆಯಲ್ಲಿ ತೊಡಗಿರುವ ಓದುಗರು, ಮೈಸೂರು