ಟ್ಯೂಬ್‌ಲೈಟ್ ಕೊಡಲೂ ಆಧಾರ್ ವಿಳಾಸ ಬೇಕಾ?

ಮಾನ್ಯ ಸಂಪಾದಕರೇ,

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕು. ಆ ಸೂಜಿಗಳನ್ನು ಕಸದ ಗಾಡಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಗಾಡಿ ಹಿಂದೆ ಬರುವ ಹೆಣ್ಣುಮಗಳು ಎಷ್ಟೋ ದಿನ ಬರಿಗೈಯಲ್ಲೇ ಕವರ್ ಬಿಚ್ಚಿ ಹಸಿ ಕಸ, ಒಣ ಕಸ ಬೇರೆ ಮಾಡುತ್ತಾಳೆ. ಅದಕ್ಕೇ ಸೂಜಿಗಳನ್ನು ಹಾರ್ಲಿಕ್ಸ್ ಡಬ್ಬಿಯಲ್ಲಿ ಕೂಡಿಡುತ್ತಾ ಬಂದೆ. ಎರಡು ಡಬ್ಬಿ ತುಂಬಿದವು. ಜೊತೆಗೆ ಕೆಟ್ಟುಹೋದ ಮೂರು ಟ್ಯೂಬ್‌ಲೈಟ್, ತಾರೀಖು ಮುಗಿದ ಮಾತ್ರೆಗಳು, ತಳದಲ್ಲಿ ಬಣ್ಣ ಗಟ್ಟಿಯಾದ ಒಂದು ಪೇಂಟ್ ಡಬ್ಬ.

ಮನೆಗಳಲ್ಲಿರುವ ಇಂಥ ಅಪಾಯದ ಕಸ ತೆಗೆದುಕೊಳ್ಳುವ ಶಿಬಿರ ಇದೆ ಅಂತ ಗಾಡಿಯ ಮೈಕಿನಲ್ಲಿ ಕೂಗಿದರು. ಕಳೆದ ಭಾನುವಾರ ಟ್ಯೂಬ್‌ಲೈಟುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಆಟೋ ಹತ್ತಿದೆ. ನಾಲ್ಕು ಅಡಿ ಉದ್ದ. ಅಡ್ಡ ಹಿಡಿದರೆ ಹೊರಗೆ ಚಾಚುತ್ತವೆ, ನಿಲ್ಲಿಸಿದರೆ ಟಾಪಿಗೆ ತಾಗುತ್ತವೆ.

ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಟೇಬಲ್ಲಿನ ಹುಡುಗ ಆಧಾರ್ ನೋಡಿದ. "ಅಕ್ಕಾರ, ನಿಮ್ಮದು ಭಾಗ್ಯನಗರ ಐತ್ರೀ. ಇದು ಕೊಪ್ಪಳದವರಿಗೆ ಮಾತ್ರ" ಎಂದ. "ತಮ್ಮಾ, ನಾವು ಇಲ್ಲಿ ಬಾಡಿಗೆಗೆ ಬಂದು ನಾಲ್ಕು ವರ್ಷ ಆತು" ಎಂದೆ. ಭಾಗ್ಯನಗರದ ವಿಳಾಸ ನಮ್ಮ ಮಾವನ ಮನೆಯದು. ಮಗನ ಶಾಲೆಗೆ ಹತ್ತಿರ ಆಗಲಿ ಅಂತ ಈ ಕಡೆ ಬಂದೆವು. ನಡುವೆ ಇರುವುದು ರೈಲು ಹಳಿ, ಅಷ್ಟೇ. ಕಾಗದದಲ್ಲಿ ಮಾತ್ರ ಅಲ್ಲಿ ಪಟ್ಟಣ ಪಂಚಾಯಿತಿ, ಇಲ್ಲಿ ನಗರಸಭೆ.

ಕರೆಂಟ್ ಬಿಲ್ ತೋರಿಸಿದೆ. ಅದರಲ್ಲಿ ಮನೆ ಮಾಲೀಕರ ಹೆಸರಿದೆಯಂತೆ, ಅವರನ್ನೇ ಕಳಿಸಬೇಕಂತೆ. ಅವರು ಇರುವುದು ಹುಬ್ಬಳ್ಳಿಯಲ್ಲಿ! 2023ರಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಿದಾಗ ಬಾಡಿಗೆದಾರರಾದ ನಾವೇ ನಮ್ಮ ಆಧಾರನ್ನು ಅದೇ ಮೀಟರಿನ ಆರ್‌ಆರ್ ನಂಬರಿಗೆ ಜೋಡಿಸಿದ್ದೇವೆ. ಅಂದಿನಿಂದ ಸೊನ್ನೆ ಬಿಲ್ ಬರುತ್ತಿದೆ. 200 ಯೂನಿಟ್‌ವರೆಗೆ ಕರೆಂಟ್ ಪುಕ್ಕಟೆ ಕೊಡುವಾಗ ನಾವು ಈ ಮನೆಯವರು. ಆ ಕರೆಂಟಿನಲ್ಲಿ ಉರಿದು ಕೆಟ್ಟ ಟ್ಯೂಬ್‌ಲೈಟ್ ವಾಪಸ್ ಕೊಡುವಾಗ ಯಾವ ಊರಿನವರೋ!

ಇಷ್ಟಾದರೂ ಸುಮ್ನೆ ಬರುತ್ತಿದ್ದೆನೇನೋ. ಆದರೆ ನನ್ನ ಹಿಂದೆ ಎಲೆಕ್ಟ್ರಿಕಲ್ ಅಂಗಡಿಯ ಹುಡುಗನೊಬ್ಬ ಎರಡು ದೊಡ್ಡ ರಟ್ಟಿನ ಡಬ್ಬದ ತುಂಬ ಹಳೇ ಟ್ಯೂಬ್, ಬಲ್ಬು ತಂದಿದ್ದ. ಅವನ ಆಧಾರ್ ಕೊಪ್ಪಳದ್ದು. ಡಬ್ಬದೊಳಗೆ ಏನಿದೆ, ಎಷ್ಟಿದೆ ಅಂತ ಒಬ್ಬರೂ ಬಗ್ಗಿ ನೋಡಲಿಲ್ಲ. ಎರಡೇ ನಿಮಿಷದಲ್ಲಿ ಕೊಟ್ಟು ಹೋದ.

ಗುರುತು ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ಕಸವನ್ನು ಮುಂದೆ ಸಾಗಿಸಲು ತೂಕದ ಮೇಲೆ ದುಡ್ಡು ಕಟ್ಟಬೇಕು ಅಂತ ಅಲ್ಲಿದ್ದ ಹಿರಿಯರೊಬ್ಬರು ಸಮಾಧಾನದಿಂದಲೇ ವಿವರಿಸಿದರು. ಅಂಗಡಿ, ಗ್ಯಾರೇಜುಗಳ ಸರಕು ಬಂದು ಬಿದ್ದರೆ ಕಷ್ಟ, ನಿಜ. ಹಾಗಾದರೆ ನೋಡಬೇಕಾದ್ದು ಡಬ್ಬದೊಳಗೆ, ಅಲ್ವಾ? ಮನೆಗೆ ಇಷ್ಟು ಟ್ಯೂಬು, ಇಷ್ಟು ಕೆಜಿ ಅಂತ ಮಿತಿ ಇಡಲಿ. ಬಾಡಿಗೆ ಕರಾರು ಪತ್ರ, ಗ್ಯಾಸ್ ಪುಸ್ತಕ, ಸೊನ್ನೆ ಬಿಲ್ ಯಾವುದಿದ್ದರೂ ನೋಡಿ ವಾಪಸ್ ಕೊಡಲಿ. ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುವುದು ಯಾಕೆ? ಅಲ್ಲಿ ನೂರಾರು ಜೆರಾಕ್ಸ್ ಕಲ್ಲಿನ ಕೆಳಗೆ ಹಾರಾಡುತ್ತಿದ್ದವು.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ, ಯಾವ ಊರು ಅಂತ ಕೇಳಿ ಯಾರೂ ರೊಟ್ಟಿ ಹಾಕುವುದಿಲ್ಲ. ರೊಟ್ಟಿಯ ಲೆಕ್ಕ ಬೇರೆ, ಕಸದ ಲೆಕ್ಕ ಬೇರೆ, ಗೊತ್ತು. ಆದರೂ ಆ ಊರಿನಲ್ಲಿ ನಿಂತು ಈ ಮಾತು ಕೇಳಿ ಬೇಜಾರಾಯಿತು.

ಅಸಲಿಗೆ ಶಿಬಿರದ ತನಕ ಕಾಯಬೇಕಾಗಿಯೇ ಇರಲಿಲ್ಲ. 20 ಚದರ ಕಿಲೋಮೀಟರಿಗೆ ಒಂದರಂತೆ ಇಂಥ ಕಸ ತಂದು ಕೊಡುವ ಕೇಂದ್ರ ತೆರೆಯಬೇಕು, ಅದರ ಸಮಯವನ್ನು ಜನರಿಗೆ ತಿಳಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ಸೂಜಿ, ಹಳೇ ಔಷಧ, ಪೇಂಟ್ ಡಬ್ಬ ಎಲ್ಲವನ್ನೂ ಅದರಲ್ಲಿ ಹೆಸರು ಹಿಡಿದು ಬರೆದಿದ್ದರು.

ವಾಪಸ್ ಬಂದು ಆಟೋ ಇಳಿಯುವಾಗ ಒಂದು ಟ್ಯೂಬ್ ಕಟ್ಟೆಗೆ ತಾಗಿ ಒಡೆಯಿತು. ಮೆಟ್ಟಿಲ ಮೇಲೆಲ್ಲ ಬಿಳಿ ಪುಡಿ. ಅದರಲ್ಲಿ ಪಾದರಸ ಇರುತ್ತದೆ, ಕೆಲವೇ ಮಿಲಿಗ್ರಾಂ ಇದ್ದರೂ ಕಸಬರಿಗೆ ಹಾಕಬಾರದು ಅಂತ ಮಗ ಶಾಲೆಯಲ್ಲಿ ಕೇಳಿದ್ದನಂತೆ. ಅತ್ತೆಯನ್ನು ಒಳಗೆ ಕಳಿಸಿ ಬಾಗಿಲು ಹಾಕಿದೆ. ರಟ್ಟಿನಿಂದ ಚೂರು ಬಳಿದು, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಸಮೇತ ಇನ್ನೊಂದು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆ.

ಈಗ ಅಟ್ಟದ ಮೇಲೆ ಎರಡಲ್ಲ, ಮೂರು ಡಬ್ಬಿ. ಮುಂದಿನ ಶಿಬಿರಕ್ಕೆ ಬಾಡಿಗೆಯವರು ಏನು ತರಬೇಕು ಅನ್ನುವುದನ್ನೂ ಅದೇ ಗಾಡಿಯ ಮೈಕಿನಲ್ಲಿ ಮೊದಲೇ ಹೇಳಿಸಲಿ.

ಓದುಗರೊಬ್ಬರು, ಕೊಪ್ಪಳ