ಹ್ಯಾಂಬರ್ಗಿನ ಆ ಹುಡುಗ

ಪ್ರೀತಿಯ ಗೆಳೆಯಾ,

ಸರ್ವಾಧಿಕಾರಿಗಳ ಎದುರು ನಿಲ್ಲುವ ಎಳೆಯರದ್ದು ಧೈರ್ಯವಲ್ಲ, ಬರೀ ಬಿಸಿರಕ್ತ, ಮುಂದೇನಾಗುತ್ತದೆ ಅನ್ನುವುದು ಆ ವಯಸ್ಸಿಗೆ ತಿಳಿಯುವುದಿಲ್ಲ ಅಂದೆಯಲ್ಲ, ನಾನು ಒಪ್ಪುವುದಿಲ್ಲ ಕಣೋ. ಹಿಟ್ಲರನ ಜರ್ಮನಿಯಲ್ಲಿ ನಾಜಿಗಳ ಎದುರು ನಿಂತ ಹುಡುಗ ಹೆಲ್ಮುತ್ ಹ್ಯೂಬೆನರ್‌ನ ಕತೆ ಕೇಳು.

1925ರಲ್ಲಿ ಹುಟ್ಟಿದವನು, ಹ್ಯಾಂಬರ್ಗಿನ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ. 1941ರಲ್ಲಿ ಅಣ್ಣನ ರೇಡಿಯೋ ಕೈಗೆ ಸಿಕ್ಕಿತು. ರಾತ್ರಿ ಹೊತ್ತು ಬಿಬಿಸಿಯ ಜರ್ಮನ್ ಸುದ್ದಿ ಕೇಳುತ್ತಾ, ಸರ್ಕಾರ ಹೇಳುವುದರ ಜೊತೆ ತಾಳೆ ಹಾಕಿ ನೋಡಿದ. ಎಷ್ಟೊಂದು ಸುಳ್ಳು! ಆಗ ಪರದೇಶದ ರೇಡಿಯೋ ಕೇಳುವುದೇ ಅಪರಾಧ. ಕೇಳಿದ್ದನ್ನು ಹರಡಿದರೆ ತಲೆಯೇ ಹೋಗಬಹುದಿತ್ತು. ಯುದ್ಧದ ಜೊತೆಜೊತೆಗೇ ಬಂದ ಆಜ್ಞೆ ಅದು, ಕದ್ದುಮುಚ್ಚಿ ಮಾಡಿದ್ದೇನಲ್ಲ.

ಅದು ಗೊತ್ತಿದ್ದೇ ಅವನು ಟೈಪ್‌ರೈಟರಿಗೆ ಕಾರ್ಬನ್ ಹಾಳೆ ಏರಿಸಿದ. ಕೆಲವೇ ತಿಂಗಳಲ್ಲಿ ಸುಮಾರು 60 ಬಗೆಯ ಕರಪತ್ರ. ಗೆಳೆಯರಾದ ಕಾರ್ಲ್-ಹೈಂಜ್ ಶ್ನಿಬ್ಬೆ, ರೂಡಿ ವೋಬ್ಬೆ ಅವನ್ನು ಮನೆಗಳ ಟಪಾಲು ಪೆಟ್ಟಿಗೆಗೆ, ಟೆಲಿಫೋನ್ ಬೂತಿಗೆ, ತೂಗುಹಾಕಿದ ಕೋಟುಗಳ ಜೇಬಿಗೆ ಸೇರಿಸಿ ಬರುತ್ತಿದ್ದರು. ಫ್ರೆಂಚ್ ಯುದ್ಧಕೈದಿಗಳಿಗೂ ಸುದ್ದಿ ಮುಟ್ಟಲಿ ಅಂತ ಅನುವಾದ ಮಾಡಿಸಲು ಹೋದಾಗ ಕಚೇರಿಯವರೊಬ್ಬರ ಕಣ್ಣಿಗೆ ಬಿದ್ದ. 1942ರ ಫೆಬ್ರವರಿ 5ರಂದು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವನನ್ನು ಹಿಡಿಯಿತು. ಹೊಡೆತ, ವಿಚಾರಣೆ. ಅವನು ನಂಬಿದ್ದ ಚರ್ಚಿನ ಸ್ಥಳೀಯ ಮುಖಂಡ ಕೂಡ ಅವನನ್ನು ಬಹಿಷ್ಕರಿಸಿದ. ಇದು ನನಗೆ ಹೊಡೆತಕ್ಕಿಂತ ಕ್ರೂರ ಅನ್ನಿಸುತ್ತದೆ. (ಯುದ್ಧ ಮುಗಿದ ಮೇಲೆ ಚರ್ಚು ಅದನ್ನು ರದ್ದು ಮಾಡಿತು, ಆಗ ಅವನೇ ಇರಲಿಲ್ಲ.)

ಆಗಸ್ಟ್ 11ರಂದು ಬರ್ಲಿನ್ನಿನ 'ಜನತಾ ನ್ಯಾಯಾಲಯ'ದಲ್ಲಿ, ಅಂದರೆ ರಾಜದ್ರೋಹದಂಥ ಆರೋಪಗಳಿಗೆಂದು ನಾಜಿಗಳು ಮಾಡಿಕೊಂಡಿದ್ದ ನ್ಯಾಯಾಲಯದಲ್ಲಿ, ವಿಚಾರಣೆ. ಏನೂ ಅರಿಯದ ಹುಡುಗ ಅನ್ನುವ ನಿನ್ನ ಮಾತನ್ನು ಆ ನ್ಯಾಯಾಧೀಶರು ಒಪ್ಪಿದ್ದರೆ ಅವನು ಉಳಿಯುತ್ತಿದ್ದನೇನೋ. ಅವರು ಹೇಳಿದ್ದು ತದ್ವಿರುದ್ಧ: ವಯಸ್ಸಿಗೆ ಮೀರಿ ಬುದ್ಧಿ ಬೆಳೆದಿದೆ, ದೊಡ್ಡವರಿಗೆ ಕೊಡುವ ಶಿಕ್ಷೆಯನ್ನೇ ಕೊಡಬೇಕು. ಹೆಲ್ಮುತ್ ಕೂಡ ತಪ್ಪಿಸಿಕೊಳ್ಳುವ ದಾರಿ ಹುಡುಕಲಿಲ್ಲ. ಎಲ್ಲದಕ್ಕೂ ತಾನೇ ಮೂಲ ಅಂತ ಹೊಣೆಯನ್ನು ತನ್ನ ಮೈಮೇಲೆ ಎಳೆದುಕೊಂಡ. ಪರಿಣಾಮ ತಿಳಿಯದವನು ಹೀಗೆ ಮಾಡುತ್ತಾನೇನೋ? ಗೆಳೆಯರ ಕುತ್ತಿಗೆ ಉಳಿಯಬೇಕಾದರೆ ತನ್ನದನ್ನು ಕೊಡಬೇಕು ಅನ್ನುವ ಲೆಕ್ಕ ಅವನಿಗೆ ಸ್ಪಷ್ಟವಾಗಿತ್ತು.

ಅಕ್ಟೋಬರ್ 27ರಂದು ಪ್ಲೊಟ್ಸೆನ್ಸೇ ಸೆರೆಮನೆಯಲ್ಲಿ ಗಿಲೊಟಿನ್‌ನಿಂದ ಅವನ ತಲೆ ಕಡಿದರು. ವಯಸ್ಸು 17. ವೋಬ್ಬೆಗೆ 10 ವರ್ಷ, ಶ್ನಿಬ್ಬೆಗೆ 5 ವರ್ಷ ಸೆರೆವಾಸದ ಶಿಕ್ಷೆಯಾಯಿತು. ಇಬ್ಬರೂ ಬದುಕಿ ಬಂದರು, ಅಮೆರಿಕಕ್ಕೆ ಹೋಗಿ ನೆಲೆಸಿದರು, ಹೆಲ್ಮುತ್‌ನ ಕತೆಯನ್ನು ಕೇಳಿದವರಿಗೆಲ್ಲ ಹೇಳಿದರು. ಶ್ನಿಬ್ಬೆ ತೀರಿಕೊಂಡದ್ದು 2010ರಲ್ಲಿ.

ಇಂತಿ,
ನಿನ್ನ ಗೆಳೆಯ