ಸಣ್ಣ ಅಕ್ಷರ ಓದಿಸಿದವರಿಗೆ

ಮೊದಲ ಥ್ಯಾಂಕ್ಸ್ ಕ್ಷಮಾಪಣೆಯ ಜೊತೆಗೇ ಹೋಗಬೇಕು. ಅದು ನಮ್ಮ ಬೀದಿಗೆ ನೆಟ್ ಕೊಡುವ ಕೇಬಲ್ ಹುಡುಗನಿಗೆ. ಆ ಸೋಮವಾರ ಸುರಿಯೋ ಮಳೆಯಲ್ಲಿ ಏಣಿ ಹೊತ್ತು ಬಂದವನಿಗೆ, "ತಿಂಗಳಾದ ಕೂಡ್ಲೇ ದುಡ್ಡು ಮಾತ್ರ ಕೇಳ್ತೀರಿ" ಅಂತ ಗಿರಾಕಿಗಳ ಎದುರೇ ಕೂಗಾಡಿದ್ದೆ. ಅವನು ಮೋಡೆಮ್ ಕಡೆ ಬಗ್ಗಿ ನೋಡಿ, "ಅಕ್ಕಾ, ಕೆಂಪು ಲೈಟ್ ಇಲ್ಲ. ಲೈನ್ ಸರಿ ಇದೆ. ತೊಂದರೆ ನಿಮ್ ಸಿಸ್ಟಮ್ಮಲ್ಲೇ" ಅಂದ. ನಾನು ನಂಬಲಿಲ್ಲ. ಮೂರು ದಿನ ಆದಮೇಲೆ ಗೊತ್ತಾಯಿತು, ಅವನ ಮಾತು ನೂರಕ್ಕೆ ನೂರು ನಿಜ ಅಂತ. ತಪ್ಪಾಯ್ತು ಮಾರಾಯ.

ಸಾಗರದ ಕಡೆಯ ಒಂದು ಸಣ್ಣ ಪೇಟೆಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಯ ಅಂಗಡಿ. ಇದು ಹನ್ನೊಂದನೇ ವರ್ಷ. ಪಹಣಿ ಪ್ರಿಂಟ್ ಬೇಕು ಅಂದರೂ, ಮಗಳ ಸ್ಕಾಲರ್‌ಶಿಪ್ ಅರ್ಜಿ ಅಂದರೂ, ಗೃಹಪ್ರವೇಶದ ಕಾರ್ಡ್ ಅಂದರೂ ಜನ ಇಲ್ಲಿಗೇ ಬರುವುದು. ಒಂದೇ ಒಂದು ಕಂಪ್ಯೂಟರ್. ಅದು ಕೂತರೆ ನಾನೂ ಕೂತ ಹಾಗೆ.

ಕೂರಿಸಿದ್ದು ನಾನೇ. ಅರ್ಜಿ ತುಂಬುವವರಿಗೆಲ್ಲ ಗೊತ್ತಿರುವ ಕಷ್ಟ ಅದು: ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿದರೆ ಒಂದೂವರೆ ಎಂಬಿ, ವೆಬ್‌ಸೈಟ್ ಕೇಳುವುದು 200 ಕೆಬಿ ಒಳಗೆ. ಶನಿವಾರ ಸಂಜೆ, ಎದುರಿಗೆ ಏಳು ಜನ ನಿಂತಿದ್ದಾರೆ, ಪಿಡಿಎಫ್ ಚಿಕ್ಕದು ಮಾಡುವ ಸಾಫ್ಟ್‌ವೇರ್ ಫ್ರೀ ಇದೆಯಾ ಅಂತ ಹುಡುಕಿ, ಮೊದಲು ಕಂಡ ಹಸಿರು ಬಟನ್ ಒತ್ತಿದೆ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಪಿಡಿಎಫ್ ಚಿಕ್ಕದಾಯಿತು, ಅದನ್ನು ಇಲ್ಲ ಅನ್ನಲಾರೆ. ಜೊತೆಗೆ ರಮ್ಮಿ ಜಾಹೀರಾತು, ಯಾರದೋ ಕುಲುಕುಲು ನಗು, ತಾನಾಗೇ ತೆರೆದುಕೊಳ್ಳುವ ಪುಟಗಳು ಎಲ್ಲ ಬಂದವು. ಭಾನುವಾರ ಇಡೀ ಆಂಟಿವೈರಸ್ ಓಡಿಸಿದೆ. ಹದಿನೇಳು ಕಂಡವು, ಹದಿನೇಳನ್ನೂ ತೆಗೆಯಿತು. ರೀಸ್ಟಾರ್ಟ್ ಮಾಡು ಅಂತು, ಮಾಡಿದೆ. ಪೀಡೆ ತೊಲಗಿತು ಅಂತ ಬಾಗಿಲು ಹಾಕಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ನೆಟ್ಟೇ ಇಲ್ಲ. ಕ್ರೋಮ್‌ನಲ್ಲಿ ಆ ಪುಟ್ಟ ಡೈನೋಸಾರ್ ಥರದ ಪುಟ, ದೊಡ್ಡದಾಗಿ "ನೋ ಇಂಟರ್ನೆಟ್". ಇನ್ನೊಂದು ಬ್ರೌಸರ್ ತೆರೆದರೆ ಅಲ್ಲೂ ಅದೇ ಕಥೆ.

ಅವತ್ತಿಂದ ಬುಧವಾರದವರೆಗೆ ನಾನು ಮಾಡಿದ ಘನಕಾರ್ಯಗಳನ್ನು ಬರೆದರೆ ಅದೇ ಒಂದು ಪುರಾಣ. ಮೋಡೆಮ್ ಆಫ್ ಮಾಡಿ ಆನ್ ಮಾಡಿದ್ದು ಎಷ್ಟು ಸಲವೋ. ವೈರ್ ಬದಲಾಯಿಸಿದೆ. ನಮ್ಮ ಭಾವ ಯಾವುದೋ ವಿಡಿಯೋ ನೋಡಿಕೊಂಡು ಬಂದು ಕಪ್ಪು ಪರದೆಯಲ್ಲಿ ನೆಟ್‌ಶೆಲ್ ಕಮಾಂಡ್ ಹೊಡೆದು, ವಿನ್‌ಸಾಕ್ ರೀಸೆಟ್, ಐಪಿ ರೀಸೆಟ್ ಅಂತ ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಮೊದಲಿನ ಸ್ಥಿತಿಗೆ ತರುವ ಎರಡನ್ನೂ ಮಾಡಿದರು. ಏನೂ ಆಗಲಿಲ್ಲ. ಅವರಿಗೂ ಥ್ಯಾಂಕ್ಸ್. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದೇ ರಾಮಬಾಣವಂತೆ. ಆಗಿನ ಕಳ್ಳ ಪ್ರೋಗ್ರಾಂಗಳು ನೆಟ್‌ವರ್ಕಿನ ಸರಪಳಿಗೇ ಒಂದು ಕೊಂಡಿಯಾಗಿ ಸೇರಿಕೊಳ್ಳುತ್ತಿದ್ದವಂತೆ. ಕೊಂಡಿ ಕಿತ್ತರೆ ಇಡೀ ಸರಪಳಿ ತುಂಡು. ಎಕ್ಸ್‌ಪಿಗೆ 2004ರಲ್ಲಿ ಸರ್ವಿಸ್ ಪ್ಯಾಕ್ 2 ಎಂಬ ದೊಡ್ಡ ಅಪ್‌ಡೇಟ್ ಬಂದಮೇಲೆ ಆ ವಿನ್‌ಸಾಕ್ ರೀಸೆಟ್ ಕಮಾಂಡ್ ಸಿಕ್ಕಿದ್ದು. ನನ್ನ ರೋಗ ಬೇರೆ ಇತ್ತು, ಅಷ್ಟೆ.

ಮಿಕ್ಕವರೆಲ್ಲ ಒಂದೇ ರಾಗ: "ಫಾರ್ಮ್ಯಾಟ್ ಹೊಡ್ಸಿ, ಅರ್ಧ ದಿನದ ಕೆಲಸ." ರಿಪೇರಿಯವನೂ ಪೆನ್‌ಡ್ರೈವ್ ಹಿಡಿದು ತಯಾರಾಗೇ ಬಂದಿದ್ದ. ಕೆಟ್ಟ ಹುಡುಗನಲ್ಲ, ಅವನಿಗೆ ಗೊತ್ತಿದ್ದ ದಾರಿ ಅದು. ಆದರೆ ಆ ಕಂಪ್ಯೂಟರಿನೊಳಗೆ ಹನ್ನೊಂದು ವರ್ಷದ ಕಾರ್ಡುಗಳಿವೆ. "ಅಕ್ಕಾ, ದೊಡ್ಡಣ್ಣನ ಮದುವೆಗೆ ಮಾಡಿದ್ರಲ್ಲ, ಅದೇ ಥರ ತಮ್ಮಂದೂ ಮಾಡಿ" ಅನ್ನುವವರ ದೊಡ್ಡಣ್ಣ ಅದರಲ್ಲಿದ್ದಾನೆ. ನುಡಿಯಲ್ಲಿ ಹೊಡೆದ ಹಳೇ ಫೈಲುಗಳು, ಪೇಜ್‌ಮೇಕರ್ ಫೈಲುಗಳು, ಊರ ದೇವಸ್ಥಾನದ ಲೆಕ್ಕಪತ್ರ. ಬ್ಯಾಕಪ್ ಇತ್ತಾ ಅಂತ ಕೇಳಬೇಡಿ.

ಆಗ ಬಂದವರು ಟೆಲಿಫೋನ್ ಮಾಮ. ಊರಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಎಕ್ಸ್‌ಚೇಂಜಿನಲ್ಲಿ ಲೈನ್ ಕೆಲಸ ಮಾಡಿ ರಿಟೈರ್ ಆದವರು. ಆಧಾರ್ ಜೆರಾಕ್ಸ್‌ಗೆ ಬಂದವರು ನನ್ನ ಮುಖ ನೋಡಿ ಕೊಡೆ ಮಡಚಿ ಮೂಲೆಗಿಟ್ಟು ಸ್ಟೂಲ್ ಮೇಲೆ ಕೂತರು. "ನಂಗೆ ಕಂಪ್ಯೂಟರ್ ಬರಲ್ಲ. ಆದ್ರೆ ಫಾಲ್ಟ್ ಹುಡ್ಕೋದು ಬರ್ತದೆ. ಫಾರ್ಮ್ಯಾಟ್ ಅಂದ್ರೆ ಏನು? ಎಲ್ಲಿ ತುಂಡಾಗಿದೆ ಅಂತ ಗೊತ್ತಿಲ್ದೆ ಊರಿನ ಕೇಬಲ್ಲೆಲ್ಲ ಕಿತ್ತು ಹೊಸದು ಹಾಕದಾ?" ಅಂದರು.

ಅವರ ಕಾಲದಲ್ಲಿ ಒಂದು ಫೋನ್ ಸತ್ತರೆ ಎಕ್ಸ್‌ಚೇಂಜು, ಪಿಲ್ಲರ್, ಕಂಬದ ಡಿಪಿ ಪೆಟ್ಟಿಗೆ, ಆಮೇಲೆ ಮನೆ, ಹೀಗೆ ಒಂದೊಂದೇ ಕಡೆ ಹ್ಯಾಂಡ್‌ಸೆಟ್ ಸಿಕ್ಕಿಸಿ ಕಿವಿಗಿಟ್ಟು ನೋಡುತ್ತಿದ್ದರಂತೆ. ಎಲ್ಲಿವರೆಗೆ ಡಯಲ್ ಟೋನ್ ಇದೆಯೋ ಅಲ್ಲಿವರೆಗೆ ಲೈನ್ ಜೀವಂತ. ಅದೇ ಲೆಕ್ಕದಲ್ಲಿ ನನ್ನನ್ನು ಕೇಳುತ್ತಾ ಹೋದರು. ಇದೇ ವೈಫೈನಲ್ಲಿ ನಿನ್ನ ಮೊಬೈಲ್ ಓಡ್ತದಾ? ಓಡ್ತದೆ. ಹಾಗಾದ್ರೆ ಬೀದಿ ಲೈನ್ ಸರಿ. ನಿನ್ನ ಮೊಬೈಲಿನ ನೆಟ್ ಕಂಪ್ಯೂಟರಿಗೆ ಕೊಟ್ಟು ನೋಡು. ಹಾಟ್‌ಸ್ಪಾಟ್ ಕೊಟ್ಟೆ. ಊಹೂಂ, ಆಗಲೂ ಇಲ್ಲ. "ಹಾಗಾದ್ರೆ ಮೋಡೆಮ್ ಬೈಬೇಡ, ಆ ಹುಡುಗನ್ನೂ ಬೈಬೇಡ. ಫಾಲ್ಟ್ ಈ ಡಬ್ಬದೊಳಗೇ ಇದೆ. ಇನ್ನು ಡಬ್ಬ ಗೊತ್ತಿದ್ದವರನ್ನ ಕರಿ."

ಡಬ್ಬ ಗೊತ್ತಿದ್ದವಳು ನಮ್ಮ ಅಕ್ಕನ ಮಗಳು. ಮೈಸೂರಿನಲ್ಲಿ ನೈಟ್ ಶಿಫ್ಟ್ ಕೆಲಸ, ಮಧ್ಯಾಹ್ನ ಅವಳಿಗೆ ಅರ್ಧರಾತ್ರಿ. ಎದ್ದಳು ಪಾಪ. ನೆಟ್ ಇಲ್ಲದ ಕಂಪ್ಯೂಟರನ್ನು ಅವಳು ಅಲ್ಲಿಂದ ನೋಡುವ ಹಾಗಿಲ್ಲ. ಫೋನ್ ಸ್ಪೀಕರಿಗೆ ಹಾಕಿ, ಕೀಬೋರ್ಡ್ ಪಕ್ಕ ಇಟ್ಟು, ಅವಳು ಹೇಳಿದ್ದನ್ನು ನಾನು ಹೊಡೆಯಬೇಕು, ಪರದೆಯಲ್ಲಿ ಬಂದದ್ದನ್ನು ಓದಬೇಕು. ಆಚೆ ಕಡೆಯವರು ಓಗೊಡ್ತಾರಾ ಅಂತ ಕೂಗಿ ನೋಡುವ ಪಿಂಗ್ ಕಮಾಂಡ್ ಹೊಡೆಸಿ, ಗೂಗಲ್‌ನವರ ಒಂದು ಸರ್ವರಿನ ನಂಬರ್ 8.8.8.8 ಹಾಕಿಸಿದಳು. ನಾಲ್ಕು ಸಾಲು ಉತ್ತರ ಬಂತು. ನಂಬರ್ ಬಿಟ್ಟು ಗೂಗಲ್ ಅಂತ ಹೆಸರು ಹಾಕಿಸಿದಳು. ಅದಕ್ಕೂ ಉತ್ತರ ಬಂತು.

"ಚಿಕ್ಕೀ, ನೆಟ್ ಇದೆಯಲ್ಲೇ!" ಅಂದಳು.

"ಎಲ್ಲಿದೆ ಮಾರಾಯ್ತಿ? ಇಲ್ಲ ಅಂತ ಇಷ್ಟು ದೊಡ್ಡದಾಗಿ ಬರೆದಿದೆ ನೋಡು."

"ದೊಡ್ಡದು ಬಿಡು. ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದು."

ಮೂರು ದಿನದಿಂದ ಆ ಪುಟ ನೋಡುತ್ತಿದ್ದೆ, ಕೆಳಗಿನ ಸಾಲಿಗೆ ಕಣ್ಣೇ ಹೋಗಿರಲಿಲ್ಲ. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಹೇಳಿದೆ. ಪಿ, ಆರ್, ಓ, ಎಕ್ಸ್, ವೈ. ಪ್ರಾಕ್ಸಿ ಸರ್ವರ್‌ನಲ್ಲಿ ಏನೋ ತೊಂದರೆ ಇದೆ, ಇಲ್ಲವೇ ವಿಳಾಸ ತಪ್ಪು ಅಂತ ಅದರ ಅರ್ಥ. ಕಂಪ್ಯೂಟರ್ ಮೂರು ದಿನದಿಂದ ತನ್ನ ನೋವು ಎಲ್ಲಿದೆ ಅಂತ ತಾನೇ ಹೇಳುತ್ತಿತ್ತು. ನಾನು, ಭಾವ, ರಿಪೇರಿ ಹುಡುಗ, ಮೂವರೂ ತಲೆಬರಹ ಓದಿ ಎದ್ದುಬಿಟ್ಟಿದ್ದೆವು.

"ಕಾಲೇಜಲ್ಲಿ ಹಾಜರಿಗೆ ಪ್ರಾಕ್ಸಿ ಹೊಡೀತಿದ್ವಲ್ಲ, ಅದೇ ಚಿಕ್ಕೀ. ನಿನ್ನ ಬದಲು ಇನ್ನೊಬ್ಬ" ಅಂತ ವಿವರಿಸಿದಳು. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿ ಅಂತ ದಾರಿ ಹೇಳಿದಳು. ಅಲ್ಲಿ ಒಂದು ಸ್ವಿಚ್ ಆನ್ ಆಗಿ ಕೂತಿತ್ತು, ಪಕ್ಕದಲ್ಲಿ 127.0.0.1 ಅನ್ನುವ ವಿಳಾಸ. ಆ ನಂಬರ್ ಅಂದರೆ ಇದೇ ಕಂಪ್ಯೂಟರ್. ಅಂದರೆ ನನ್ನ ಬ್ರೌಸರ್ ಹೊರಗೆ ಹೋಗುವುದನ್ನೆಲ್ಲ ಇದೇ ಯಂತ್ರದೊಳಗೆ ಕೂತಿದ್ದ ಆ ಕಳ್ಳ ಪ್ರೋಗ್ರಾಂ ಕೈಗೆ ಕೊಡುತ್ತಿತ್ತು, ಅವನು ನಡುವೆ ಜಾಹೀರಾತು ತುರುಕಿ ಮುಂದಕ್ಕೆ ಕಳಿಸುತ್ತಿದ್ದ. ಆಂಟಿವೈರಸ್ ಅವನನ್ನು ಓಡಿಸಿತು. ಬ್ರೌಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಖಾಲಿ ಕುರ್ಚಿಗೇ ಕಾಗದ ಕೊಡುತ್ತಾ ಕೂತಿತ್ತು. ಪಿಂಗ್‌ಗೆ ಈ ಪ್ರಾಕ್ಸಿಯ ಹಂಗಿಲ್ಲ, ಅದು ನೇರ ಹೋಗುತ್ತದೆ. ಅದಕ್ಕೇ ಉತ್ತರ ಬಂದದ್ದು.

ಟೆಲಿಫೋನ್ ಮಾಮ ತೊಡೆ ತಟ್ಟಿಕೊಂಡರು. "ಕಳ್ಳ ಎಕ್ಸ್‌ಟೆನ್ಷನ್! ಇನ್‌ಸ್ಟ್ರುಮೆಂಟ್ ಕಿತ್ಕೊಂಡು ಹೋಗಿದಾರೆ, ವೈರ್ ಹಾಗೇ ಬಿಟ್ಟಿದಾರೆ!"

ಸ್ವಿಚ್ ಆಫ್ ಮಾಡಿದೆ. ಮೊದಲು ತೆರೆದದ್ದು ಪಹಣಿ ಪುಟ. ಅದು ಅಷ್ಟು ಚೆಂದ ಕಂಡದ್ದು ಅದೇ ಮೊದಲು.

ಅಲ್ಲಿಗೆ ಮುಗಿದಿದ್ದರೆ ಅಕ್ಕನ ಮಗಳಿಗೆ ಒಂದು ಹಲಸಿನ ಹಪ್ಪಳದ ಕಟ್ಟು ಕಳಿಸಿ ಸುಮ್ಮನಾಗುತ್ತಿದ್ದೆ. ಅರ್ಧ ಗಂಟೆಯೊಳಗೆ ಮತ್ತೆ ನೆಟ್ ಹೋಯಿತು. ನೋಡಿದರೆ ಸ್ವಿಚ್ ತಾನಾಗೇ ಆನ್! ದೆವ್ವ ಮೆಟ್ಟಿಕೊಂಡಿದೆ ಅನ್ನಿಸಿಬಿಟ್ಟಿತು. ಅವಳು ಮತ್ತೆ ಎದ್ದಳು. ಟಾಸ್ಕ್ ಶೆಡ್ಯೂಲರ್ ಅಂತ ಒಂದು ಇದೆ, ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಅಂತ ವಿಂಡೋಸಿಗೆ ಹೇಳಿಡುವ ಜಾಗ. ಅದರಲ್ಲಿ ಬಾಯಿಗೆ ಬಾರದ ಹೆಸರಿನ ಒಂದು ಸಾಲು ಇತ್ತು. ಆಗಾಗ ಎದ್ದು ಪ್ರಾಕ್ಸಿ ಆನ್ ಮಾಡಿ ಮಲಗುವುದು ಅದರ ಉದ್ಯೋಗ. ಅಳಿಸಿದೆವು. ಬ್ರೌಸರಿನಲ್ಲಿ ನಾನು ಹಾಕಿಕೊಳ್ಳದ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಪುಟ್ಟ ಪ್ರೋಗ್ರಾಂ, ಒಂದಿತ್ತು, ಅದನ್ನೂ ತೆಗೆದೆವು. ರೀಸ್ಟಾರ್ಟ್ ಮಾಡಿ ಒಂದು ಗಂಟೆ ಕಾದೆವು. ಆ ಒಂದು ಗಂಟೆ ಅವಳು ನಿದ್ದೆ ಮಾಡದೆ ಫೋನಿನಲ್ಲೇ ಇದ್ದಳು.

ಹೊತ್ತು ಹೋಗಲಿ ಅಂತ ಮಾಮನಿಗೆ ಅವಳು ಹೇಳಿದ ಕಥೆ ಇದು. 2011ರ ನವೆಂಬರ್‌ನಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಆರು ಜನರನ್ನು ಹಿಡಿದರು. ಅಮೆರಿಕದ ಎಫ್‌ಬಿಐ ಆ ಕಾರ್ಯಾಚರಣೆಗೆ ಇಟ್ಟ ಹೆಸರು ಘೋಸ್ಟ್ ಕ್ಲಿಕ್. ಅವರ ಡಿಎನ್‌ಎಸ್ ಚೇಂಜರ್ ಎಂಬ ಕಳ್ಳ ಪ್ರೋಗ್ರಾಂ ನೂರಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಹೊಕ್ಕಿತ್ತು. ವೆಬ್‌ಸೈಟಿನ ಹೆಸರು ಹೇಳಿದರೆ ನಂಬರ್ ಹುಡುಕಿಕೊಡುವುದು ಡಿಎನ್‌ಎಸ್ ಕೆಲಸ. ಆ ಕಂಪ್ಯೂಟರುಗಳೆಲ್ಲ ನಂಬರ್ ಕೇಳಲು ಕಳ್ಳರ ಸರ್ವರಿಗೇ ಹೋಗುತ್ತಿದ್ದವು. ಕಳ್ಳರನ್ನು ಹಿಡಿದ ಕೂಡಲೇ ಸರ್ವರ್ ಬಂದ್ ಮಾಡಿದ್ದರೆ ಆ ಲಕ್ಷಾಂತರ ಜನಕ್ಕೆ ನನ್ನದೇ ಗತಿ. ಅದಕ್ಕೆ ಕೋರ್ಟ್ ಒಪ್ಪಿಗೆ ಪಡೆದು, ಅದೇ ವಿಳಾಸದಲ್ಲಿ ಒಳ್ಳೆಯ ಸರ್ವರ್ ಕೂರಿಸಿ ನಡೆಸಿದರು. 2012ರ ಜುಲೈ 9ಕ್ಕೆ ನಿಲ್ಲಿಸಿದರು. ಅಷ್ಟರೊಳಗೆ ಸರಿಮಾಡಿಕೊಳ್ಳದವರ ನೆಟ್ ಅವತ್ತು ನಿಂತಿತು. "ಕಳ್ಳನ ಜಾಗದಲ್ಲಿ ಪೊಲೀಸರೇ ಕೂತು ಆಪರೇಟರ್ ಕೆಲಸ ಮಾಡಿದ್ರು ಅನ್ನು" ಅಂತ ಮಾಮ ಖುಷಿಪಟ್ಟರು. ಈಗ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ.

ಆಮೇಲಿನ ಭಾಗ ಬರೆಯಲು ನಾಚಿಕೆ, ಆದರೂ ಬರೆಯಬೇಕು. ಅಕ್ಕನ ಮಗಳು ಕೊನೆಗೆ ಸರ್ಟಿಫಿಕೇಟ್ ಪಟ್ಟಿ, ಅಂದರೆ ಯಾರ ಮೊಹರನ್ನು ನಂಬಬೇಕು ಅಂತ ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ, ತೆಗೆಸಿದಳು. ಅದರಲ್ಲಿ ಇರಬಾರದ ಒಂದು ಇತ್ತು. ಅವಳ ದನಿ ಬದಲಾಯಿತು. ಬ್ಯಾಂಕಿನಂಥ ಪುಟಗಳಿಗೆ ಹೋಗುವುದು ಮೊಹರು ಹಾಕಿದ ಲಕೋಟೆ ಇದ್ದ ಹಾಗಂತೆ, ನಡುವೆ ಕೂತವನಿಗೆ ಒಳಗೇನಿದೆ ಕಾಣದು. ಆದರೆ ಇಂಥ ಸುಳ್ಳು ಸರ್ಟಿಫಿಕೇಟ್ ಇದ್ದರೆ ಮೊಹರು ಒಡೆದು ಓದಿ ತನ್ನದೇ ಮೊಹರು ಹಾಕಿ ಕಳಿಸಬಹುದು. "ಶನಿವಾರ ಆ ಸಾಫ್ಟ್‌ವೇರ್ ಹಾಕಿದ ಮೇಲೆ ಯಾರ್ಯಾರು ಅಲ್ಲಿ ಪಾಸ್‌ವರ್ಡ್ ಹೊಡೆದಿದಾರೆ, ನೆನಪಿದ್ಯಾ ಚಿಕ್ಕೀ?"

ರಿಜಿಸ್ಟರ್ ತೆಗೆದೆ. ಒಂಬತ್ತು ಜನ. ಒಬ್ಬೊಬ್ಬರಿಗೂ ಫೋನ್ ಮಾಡಿ, ನನ್ನ ಅಂಗಡಿಯಲ್ಲಿ ಹೀಗಾಗಿದೆ, ಪಾಸ್‌ವರ್ಡ್ ಬದಲಾಯಿಸಿ, ಮೊಬೈಲಿನಿಂದಲೇ ಮಾಡಿ, ದುಡ್ಡು ಹೋದದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಹೇಳಿದೆ. ಆ ಒಂಬತ್ತು ಫೋನಿನಷ್ಟು ಭಾರದ ಕೆಲಸ ಈ ಅಂಗಡಿಯಲ್ಲಿ ನಾನು ಮಾಡಿಲ್ಲ. ಇಬ್ಬರು ಬೈದರು, ಬೈಯಬೇಕಾದ್ದೇ. ಒಬ್ಬ ಅಜ್ಜಿ, "ನೀ ಹೇಳ್ದಿದ್ರೆ ನಂಗೆ ಗೊತ್ತಾಗ್ತಿತ್ತಾ ತಂಗಿ" ಅಂದು ಮರುದಿನ ಮೊಮ್ಮಗನನ್ನು ಕರೆದುಕೊಂಡು ಬಂದು, ಅವನ ಕೈಲೇ ಪಾಸ್‌ವರ್ಡ್ ಬದಲಾಯಿಸಿಕೊಂಡು, ಎರಡು ಹಲಸಿನಹಣ್ಣಿನ ಕಡುಬು ಇಟ್ಟುಹೋದರು. ಈವರೆಗೆ ಯಾರಿಗೂ ಏನೂ ಆಗಿಲ್ಲ. ಒಂಬತ್ತೂ ಮನೆಯವರು ಈಗಲೂ ನನ್ನ ಅಂಗಡಿಗೇ ಬರುತ್ತಿದ್ದಾರೆ, ಬೈದ ಇಬ್ಬರೂ ಸೇರಿ. ನಿಮಗೆಲ್ಲ ಕೈ ಮುಗಿದೆ.

ಇನ್ನೊಬ್ಬರನ್ನು ಬಿಟ್ಟರೆ ತಪ್ಪಾಗುತ್ತದೆ. ಬಸ್‌ಸ್ಟ್ಯಾಂಡ್ ಎದುರು ಇದೇ ಕೆಲಸದ ಅಂಗಡಿ ಇಟ್ಟಿರುವವರು. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ, ಊರಿಗೇ ಗೊತ್ತು. ಮಂಗಳವಾರ ಇಬ್ಬರು ಮಕ್ಕಳ ಅರ್ಜಿಗೆ ಕೊನೇ ದಿನ ಅಂತ ಬೇರೆ ದಾರಿ ಇಲ್ಲದೆ ಅವರ ಬಾಗಿಲಿಗೆ ಹೋದೆ. ಒಂದು ಮಾತಾಡದೆ ಕುರ್ಚಿ ಎಳೆದು ಕೊಟ್ಟರು. ರಾತ್ರಿ ಹತ್ತರವರೆಗೆ ಕೂತೆ. ಹೊರಡುವಾಗ ದುಡ್ಡು ಕೊಟ್ಟರೆ ಪೇಪರಿನ ಲೆಕ್ಕ ಮಾತ್ರ ಹಿಡಿದುಕೊಂಡರು. ಆಮೇಲೆ ನಾವೇನೂ ಗಳಸ್ಯ ಕಂಠಸ್ಯ ಆಗಿಲ್ಲ. ಆದರೆ ಹೋದ ವಾರ ಅವರ ಟೋನರ್ ಮುಗಿದಾಗ ನನ್ನ ಹತ್ತಿರ ಇದ್ದದ್ದು ಅವರ ಅಂಗಡಿಗೆ ಹೋಯಿತು.

ಈಗ ಎರಡು ಹಾರ್ಡ್‌ಡಿಸ್ಕ್ ಇವೆ, ಒಂದು ಅಂಗಡಿಯಲ್ಲಿ, ಒಂದು ಮನೆಯ ಗೋದ್ರೇಜ್ ಬೀರುವಿನಲ್ಲಿ. ಪ್ರತಿ ಶುಕ್ರವಾರ ಕಾಪಿ ಮಾಡುವುದು ಮಗನ ಜವಾಬ್ದಾರಿ. ಪಾಸ್‌ವರ್ಡನ್ನು ಗಿರಾಕಿಗಳು ತಮ್ಮ ಮೊಬೈಲಿನಲ್ಲೇ ಹೊಡೆಯಬೇಕು ಅಂತ ಬೋರ್ಡ್ ಹಾಕಿದ್ದೇನೆ. ಪಿಡಿಎಫ್ ಚಿಕ್ಕದು ಮಾಡಲು ಸ್ಕ್ಯಾನ್ ಮಾಡುವಾಗಲೇ ಡಿಪಿಐ, ಅಂದರೆ ಚಿತ್ರದ ಚುಕ್ಕಿಗಳ ಒತ್ತು, ಇಳಿಸಿದರೆ ಸಾಕಿತ್ತು ಅನ್ನುವುದೂ ಈಗ ಗೊತ್ತಾಗಿದೆ. ಆ ಸೌಲಭ್ಯ ನನ್ನ ಸ್ಕ್ಯಾನರಿನಲ್ಲಿ ಮೊದಲಿಂದಲೂ ಇತ್ತು.

ಅಕ್ಕನ ಮಗಳಿಗೆ ಹಪ್ಪಳ ತಲುಪಿದೆ. ಟೆಲಿಫೋನ್ ಮಾಮನಿಗೆ ಏನು ಕೊಡಲಿ ಅಂದರೆ ಕೊಡೆ ಬಿಚ್ಚುತ್ತಾ, "ನವೆಂಬರ್ ತಿಂಗ್ಳು ಪೆನ್ಷನ್ನಿಗೆ ನಾ ಬದುಕಿದೀನಿ ಅಂತ ತೋರ್ಸೋ ಜೀವನ್ ಪ್ರಮಾಣ್ ಮಾಡ್ಕೊಡು. ಹೋದ್ ವರ್ಷ ನನ್ನ ಬೆರಳು ಹತ್ಲೇ ಇಲ್ಲ, ಐದು ಸಲ ಒತ್ತಿಸ್ದೆ ನೀನು" ಅಂದರು. ಬನ್ನಿ ಮಾಮ. ಬೆರಳಚ್ಚಿನ ಮಷೀನ್ ಒರೆಸಿ ಇಟ್ಟಿರ್ತೇನೆ. ಈ ಸಲ ಹತ್ತದಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಮೊದಲು ಓದ್ತೇನೆ.